ಶಮನವೆಂದರೇನು?



ನಂಜನಗೂಡಿನ ಶ್ರೀಕಂಠೇಶ್ವರನನ್ನು ಟಿಪ್ಪುಸುಲ್ತಾನನು ‘ಹಕೀಂ ನಂಜುಂಡ’ನೆಂದು ಕರೆದನೆಂಬ ಪ್ರತೀತಿಯನ್ನು ನಾವೆಲ್ಲರೂ ಬಲ್ಲೆವು. ಪುರಾಣದ ನಂಜುಂಡನು ವಿಷವನ್ನು ಇಲ್ಲವಾಗಿಸಲಿಲ್ಲ. ಕಂಠದಲ್ಲಿ ತಡೆದು ಅದರ ಬಾಧೆಯನ್ನು ನಿಲ್ಲಿಸಿದನು. ವೈದ್ಯರು ‘ಶಮನ’ವೆನ್ನುವುದು ಇದಕ್ಕೆ ಸಮೀಪವಾದುದು.

ಆಯುರ್ವೇದದಲ್ಲಿ ದೋಷವನ್ನು ಹೊರಹಾಕುವುದು ಶೋಧನ. ಹೊರಹಾಕದೆ ಸಮಸ್ಥಿತಿಗೆ ತರುವುದು ಶಮನ. ಇಂಗ್ಲಿಷಿನ ‘ಪ್ಯಾಲಿಯೇಟಿವ್’ ಎಂಬ ಪದವು ಮೇಲುಹೊದಿಕೆಯೆಂಬರ್ಥದ ಲ್ಯಾಟಿನ್ ಶಬ್ದದಿಂದ ಬಂದುದು. ರೋಗದ ಮೂಲವು ಉಳಿದರೂ ನೋವು, ಉಬ್ಬಸ, ವಾಕರಿಕೆಗಳನ್ನು ತಗ್ಗಿಸುವುದು ಅದರ ಕಾರ್ಯ.

ಗುಣವಾಗಬಲ್ಲ ರೋಗದ ಕಾರಣವನ್ನು ಅರಸದೆ ನೋವನ್ನು ಮಾತ್ರ ಮುಚ್ಚುವುದು ಅಪಾಯಕರವೇ ಸರಿ. ಆದರೆ ವಾಸಿಯಾಗದ ಅರ್ಬುದರೋಗಿಗೆ ‘ಇನ್ನು ಮಾಡತಕ್ಕದ್ದೇನೂ ಇಲ್ಲ’ ಎನ್ನುವುದು ಕ್ರೂರವಾದುದು. ಅಂಥವರಿಗೆ ಮಾರ್ಫಿನ್ ಸುಲಭವಾಗಿ ದೊರೆಯಲೆಂದೇ 2014ರಲ್ಲಿ ಭಾರತದ ಮಾದಕದ್ರವ್ಯ ಕಾನೂನನ್ನು ತಿದ್ದಲಾಯಿತು.

ಶಮನವು ಕೊನೆಯ ಗಳಿಗೆಗೆ ಮೀಸಲಾದುದೂ ಅಲ್ಲ. ನಂಜನಗೂಡನ್ನು ದಾಟಿದ ಕಪಿಲೆಯು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯೊಡನೆ ಕೂಡಿ ಹರಿಯುವಂತೆ, ಇದು ಮೂಲಚಿಕಿತ್ಸೆಯೊಡನೆ ಮೊದಲಿನಿಂದಲೂ ಕೂಡಿ ನಡೆಯಬಹುದು. ರೋಗವು ವಾಸಿಯಾಗದೆಂದು ವೈದ್ಯರು ಹೇಳಿದಾಗಲೂ, ನೋವಿಗೆ ಏನು ಮಾಡಬಹುದೆಂದು ನಾವು ಅವರನ್ನು ಕೇಳತಕ್ಕದ್ದು.