ಉತ್ತರಕ್ಕೆ ಮುಂಚೆ ಅಂದಾಜು



ನಾನು ನೀರಾವರಿ ಎಂಜಿನಿಯರಾಗಿದ್ದವನು; ನೀರಿನದೇ ಲೆಕ್ಕ ಹೇಳುತ್ತೇನೆ. ತುಂಬಿದ ಕನ್ನಂಬಾಡಿಯಿಂದ 10,000 ಕ್ಯುಸೆಕ್ ಬಿಡುತ್ತಿದ್ದಾರೆ, ವಾರದಲ್ಲಿ ಕಟ್ಟೆ ಖಾಲಿ ಎಂದು ಮೊಬೈಲಿಗೆ ಸಂದೇಶ ಬಂತೆನ್ನಿ. ಮುಂದಕ್ಕೆ ಕಳಿಸುವ ಮೊದಲು ಪೆನ್ಸಿಲ್ ಹಿಡಿಯಿರಿ. ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ. ದಿನಕ್ಕೆ 86,400 ಸೆಕೆಂಡು. ಗುಣಿಸಿದರೆ 86.4 ಕೋಟಿ ಘನ ಅಡಿ. ಟಿಎಂಸಿ ಎಂದರೆ 100 ಕೋಟಿ. ಅಂದರೆ ದಿನಕ್ಕೆ ಒಂದು ಟಿಎಂಸಿಯೂ ಇಲ್ಲ. ಕಟ್ಟೆ ಹಿಡಿಯುವುದು ಸುಮಾರು 49. ಒಳಹರಿವು ನಿಂತರೂ ಒಂದೂವರೆ ತಿಂಗಳು ದಾಟುತ್ತದೆ!

ಚಾಟ್‌ಜಿಪಿಟಿಯನ್ನು ಕೇಳಿ, ಬೇಡವೆನ್ನುವುದಿಲ್ಲ. ಆದರೆ ಒಂದು ಸೊನ್ನೆ ಹೆಚ್ಚು ಬಿದ್ದರೂ ಅದು ಅಷ್ಟೇ ಗಂಭೀರವಾಗಿ ಹೇಳುತ್ತದೆ. ಆ ಸೊನ್ನೆ ಹಿಡಿಯಬೇಕಾದವರು ನೀವು.

ನಿಲಯದಲ್ಲಿ ಕರಿಹಲಗೆ ಹಾಕಿಸಲು ಪೂಜ್ಯರು ಒಪ್ಪಿದ್ದಾರೆ. ದಿನಕ್ಕೊಂದು ಸಂದೇಶ ತನ್ನಿ. ಪ್ರಸಾದಕ್ಕೆ ಮುಂಚೆ ಲೆಕ್ಕ ಹಾಕೋಣ.