ದೂರ ನಿಂತು ನೋಡುವ ಎಚ್ಚರ

ಮಲೆನಾಡಿನ ಕಾಡಂಚಿನ ಊರುಗಳಲ್ಲಿ ಅಡಿಕೆ ಕೊಯ್ಲು ಮುಗಿಯುತ್ತ ಬಂದಂತೆ, ಬಿಸಿಲು ಏರುತ್ತ ಹೋದಂತೆ, ಒಂದು ಪ್ರಶ್ನೆ ಮನೆಯಿಂದ ಮನೆಗೆ ಓಡಾಡತೊಡಗುತ್ತದೆ: "ಎಲ್ಲಾದ್ರೂ ಮಂಗ ಸತ್ತಿದ್ಯಂತಾ?" ಪೇಟೆಯಿಂದ ಬಂದವರಿಗೆ ಇದು ವಿಚಿತ್ರ ಅನ್ನಿಸಬಹುದು. ಸೊರಬ, ಸಾಗರ, ತೀರ್ಥಹಳ್ಳಿ, ಸಿದ್ದಾಪುರದ ಕಡೆಯವರಿಗೆ ಅದು ಜೀವದ ಪ್ರಶ್ನೆ.

ಇದರ ಮೂಲ 1957ರಲ್ಲಿದೆ. ಆ ವರ್ಷ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಹಿಂದೆ ಒಂದು ಸತ್ತು ಬೀಳತೊಡಗಿದವು. ಅದೇ ಹೊತ್ತಿಗೆ ಸುತ್ತಲಿನ ಹಳ್ಳಿಗಳಲ್ಲಿ ವಿಪರೀತ ಜ್ವರ, ತಲೆನೋವು, ಮೈಕೈ ನೋವು, ಕೆಲವರಿಗೆ ರಕ್ತಸ್ರಾವ. ಹಳದಿ ಜ್ವರ ಭಾರತಕ್ಕೂ ಕಾಲಿಟ್ಟಿತೇ ಎಂಬ ಆತಂಕ ಹುಟ್ಟಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದು ಹುಡುಕಿದಾಗ ಸಿಕ್ಕಿದ್ದು ಅದುವರೆಗೆ ಯಾರೂ ಗುರುತಿಸಿರದ ಹೊಸ ವೈರಸ್. ವೈದ್ಯಶಾಸ್ತ್ರದ ಪುಸ್ತಕಗಳಲ್ಲಿ ಅದು ಕ್ಯಾಸನೂರು ಕಾಡಿನ ಕಾಯಿಲೆ ಎಂದು ದಾಖಲಾಯಿತು. ಜನ ಮಾತ್ರ ಮಂಗನ ಕಾಯಿಲೆ ಎಂದೇ ಕರೆದರು.

ಮಂಗ ಇಲ್ಲಿ ಅಪರಾಧಿಯಲ್ಲ, ಮನುಷ್ಯನಂತೆ ಅದೂ ರೋಗಿಯೇ. ರೋಗ ಹರಡುವುದು ಕಾಡಿನ ಉಣುಗಿನಿಂದ. ಸೋಂಕು ತಗುಲಿದ ಮಂಗ ಸತ್ತು ಮೈ ತಣ್ಣಗಾದ ಕೂಡಲೇ ಅದರ ಮೈಮೇಲಿದ್ದ ಉಣುಗುಗಳು ಕೆಳಗಿಳಿದು ದರಗೆಲೆಯ ನಡುವೆ ಸೇರಿಕೊಳ್ಳುತ್ತವೆ. ಸೌದೆಗೆ ಹೋದವರು, ಕೊಟ್ಟಿಗೆಗೆ ದರಗು ಗುಡಿಸಿ ತರುವವರು, ದನ ಕಾಯುವ ಹುಡುಗರು ಆ ಜಾಗವನ್ನು ತುಳಿದರೆ ಮುಗಿಯಿತು. ಡಿಸೆಂಬರಿನಿಂದ ಮೇವರೆಗೆ, ಮರಿ ಉಣುಗುಗಳು ಹೆಚ್ಚಿರುವ ಒಣ ತಿಂಗಳುಗಳಲ್ಲಿ ಅಪಾಯ ಜಾಸ್ತಿ. 2018–19ರ ಸಾಲಿನಲ್ಲಿ ಸಾಗರ ತಾಲೂಕಿನ ಅರಳಗೋಡು ಭಾಗದಲ್ಲಿ ಈ ಕಾಯಿಲೆ ಹಲವರ ಜೀವ ತೆಗೆದುಕೊಂಡಿತು.

ಊರಿನ ಯುವಕ ಯುವತಿಯರ ಕೆಲಸ ಶುರುವಾಗುವುದು ಇಲ್ಲಿಂದಲೇ. ತೋಟದ ಅಂಚಿನಲ್ಲಿ ಸತ್ತ ಮಂಗ ಕಂಡರೆ ಕೋಲಿನಿಂದ ತಿರುವಿ ನೋಡುವುದಲ್ಲ, ಎಳೆದು ಹಳ್ಳಕ್ಕೆ ಎಸೆಯುವುದೂ ಅಲ್ಲ. ಹತ್ತಿರ ಹೋಗದೆ, ಜಾಗದ ಗುರುತು ಹೇಳಿ ಆಶಾ ಕಾರ್ಯಕರ್ತೆಗೋ ಪಂಚಾಯಿತಿಗೋ ಅರಣ್ಯ ಸಿಬ್ಬಂದಿಗೋ ತಕ್ಷಣ ತಿಳಿಸುವುದು. ಆ ಒಂದು ಫೋನಿನಿಂದ ಸುತ್ತಲೂ ಔಷಧಿ ಸಿಂಪಡಿಸಲು, ಆ ದಾರಿಯಲ್ಲಿ ಯಾರೂ ಹೋಗದಂತೆ ತಡೆಯಲು ಇಲಾಖೆಗೆ ಸಮಯ ಸಿಗುತ್ತದೆ. ಕಾಡಿಗೆ ಹೋಗಲೇಬೇಕಿದ್ದರೆ ಮೈತುಂಬ ಬಟ್ಟೆ, ಉಣುಗು ಹತ್ತದಂತೆ ಕೈಕಾಲಿಗೆ ಆರೋಗ್ಯ ಇಲಾಖೆ ಹಂಚುವ ಡೆಪಾ ತೈಲ. ಮನೆಗೆ ಬಂದ ಮೇಲೆ ಬಿಸಿನೀರಿನ ಸ್ನಾನ, ಬಟ್ಟೆಯನ್ನು ಬಿಸಿನೀರಿನಲ್ಲೇ ಒಗೆಯುವುದು, ಕಂಕುಳು, ತೊಡೆಸಂದಿ, ಕಿವಿಯ ಹಿಂದೆ ಉಣುಗು ಕಚ್ಚಿಕೊಂಡಿದೆಯೇ ಎಂದು ನೋಡಿಕೊಳ್ಳುವುದು. ಆ ಮೇಲೆ ಜ್ವರ ಬಂದರೆ ಅಂಗಡಿಯ ಮಾತ್ರೆ ನುಂಗಿ ಮಲಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಹೇಳಬೇಕು.

ಹಾವಿನ ವಿಷಯದಲ್ಲೂ ಇಂಥದೇ ಎಚ್ಚರ ಬೇಕು. ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಡಿತದಿಂದ ಸುಮಾರು 12 ಲಕ್ಷ ಜನ ಸತ್ತಿದ್ದಾರೆ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿತು. ವರ್ಷಕ್ಕೆ ಸರಾಸರಿ 58,000. ಅವರಲ್ಲಿ ಕಾಲು ಭಾಗದಷ್ಟು 15 ವರ್ಷದೊಳಗಿನ ಮಕ್ಕಳು. ಹೆಚ್ಚಿನ ಸಾವುಗಳು ಹಳ್ಳಿಗಳಲ್ಲಿ, ಮಳೆಗಾಲದಲ್ಲಿ. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿತು.

ಈ ಸಾವುಗಳಿಗೆ ಮುಖ್ಯವಾಗಿ ನಾಲ್ಕು ಹಾವುಗಳು ಕಾರಣ: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ನಾಲ್ಕೂ ಇಲಿ, ಕಪ್ಪೆ, ಹಲ್ಲಿಯಂಥ ಜೀವಿಗಳನ್ನು, ಕಟ್ಟುಹಾವಾದರೆ ಬೇರೆ ಹಾವುಗಳನ್ನೂ ಹುಡುಕಿಕೊಂಡು ಬರುತ್ತವೆಯೇ ಹೊರತು ಮನುಷ್ಯನನ್ನಲ್ಲ. ಕಾಳು ಚೆಲ್ಲಿದ ಕಣಜದ ಮೂಲೆ, ಹಿತ್ತಿಲಲ್ಲಿ ಒಟ್ಟಿದ ಸೌದೆ, ತೆಂಗಿನ ಗರಿಯ ರಾಶಿ, ಎಸೆದ ಅನ್ನ – ಇವು ಇಲಿಯನ್ನು ಕರೆಯುತ್ತವೆ, ಇಲಿಯ ಹಿಂದೆ ಹಾವು ಬರುತ್ತದೆ. ಹಿತ್ತಿಲು ಚೊಕ್ಕಟವಾಗಿದ್ದರೆ ಬಡಿಗೆ ಹಿಡಿಯುವ ಪ್ರಸಂಗವೇ ಬರುವುದಿಲ್ಲ. ಕಟ್ಟುಹಾವಿನ ಕಥೆ ಇನ್ನೂ ಸೂಕ್ಷ್ಮ. ಅದು ಓಡಾಡುವುದು ರಾತ್ರಿ. ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲೇ ಕಚ್ಚುತ್ತದೆ. ಕಚ್ಚಿದ ಜಾಗದಲ್ಲಿ ನೋವಾಗಲಿ ಊತವಾಗಲಿ ಹೆಚ್ಚು ಇರುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಎತ್ತಲಾಗದ ಭಾರ, ಉಸಿರಾಟಕ್ಕೆ ತೊಡಕು. ಮಂಚದ ಮೇಲೆ ಮಲಗಿ, ಸೊಳ್ಳೆ ಪರದೆಯನ್ನು ಹಾಸಿಗೆಯ ಅಡಿಗೆ ಸಿಕ್ಕಿಸಿಕೊಂಡರೆ ಮಲೇರಿಯಾ, ಕಟ್ಟುಹಾವು ಎರಡಕ್ಕೂ ತಡೆ.

ರಾತ್ರಿ ಗದ್ದೆಗೆ ನೀರು ಕಟ್ಟಲು ಹೋಗುವ ಹುಡುಗನ ಕಾಲಿನಲ್ಲಿ ಗಂಬೂಟು, ಕೈಯಲ್ಲಿ ಟಾರ್ಚ್ ಇದ್ದರೆ ಅವನೂ ಉಳಿಯುತ್ತಾನೆ, ಬದುವಿನ ಹಾವೂ ಉಳಿಯುತ್ತದೆ.

ಕಚ್ಚಿದ ಮೇಲೆ ಹಳ್ಳಿಗಳಲ್ಲಿ ಹೊತ್ತು ಕಳೆಯುವುದು ಎರಡು ಕಡೆ: ಒಂದು ಮಂತ್ರ ಹಾಕಿಸುವಲ್ಲಿ, ಇನ್ನೊಂದು ಹಾವನ್ನು ಅಟ್ಟಿಸಿಕೊಂಡು ಹೋಗಿ ಹೊಡೆಯುವಲ್ಲಿ. ಡಾಕ್ಟರಿಗೆ ಹಾವು ತೋರಿಸಬೇಕು ಎಂಬ ನಂಬಿಕೆ ಇನ್ನೂ ಹೋಗಿಲ್ಲ. ನಮ್ಮ ಆಸ್ಪತ್ರೆಗಳಲ್ಲಿ ಕೊಡುವ ಪ್ರತಿವಿಷ ಮೇಲೆ ಹೇಳಿದ ನಾಲ್ಕೂ ಹಾವುಗಳ ವಿಷಕ್ಕೆ ಸೇರಿಯೇ ತಯಾರಾದದ್ದು. ಯಾವ ಹಾವು ಎಂದು ಹಿಡಿದು ತರಬೇಕಿಲ್ಲ. ಹಗ್ಗ ಬಿಗಿಯಬಾರದು, ಬ್ಲೇಡಿನಿಂದ ಕೊಯ್ಯಬಾರದು, ಬಾಯಿಂದ ಹೀರಬಾರದು. ಕಚ್ಚಿದ ಕೈಯನ್ನೋ ಕಾಲನ್ನೋ ಅಲುಗಾಡದಂತೆ ಇರಿಸಿ, ಉಂಗುರ, ಕಡಗ ಕಳಚಿ, ಧೈರ್ಯ ಹೇಳುತ್ತ ಆಸ್ಪತ್ರೆಗೆ ಒಯ್ಯಬೇಕು.

ಆ ಪ್ರತಿವಿಷ ಬರುವುದಾದರೂ ಎಲ್ಲಿಂದ? ಬದುಕಿರುವ ಹಾವುಗಳಿಂದಲೇ. ತಮಿಳುನಾಡಿನ ವಡನೆಮ್ಮೇಲಿಯಲ್ಲಿ ಇರುಳ ಬುಡಕಟ್ಟಿನವರು 1978ರಲ್ಲಿ ಸಹಕಾರ ಸಂಘ ಕಟ್ಟಿಕೊಂಡರು. ಒಂದು ಕಾಲಕ್ಕೆ ಚರ್ಮಕ್ಕಾಗಿ ಹಾವು ಹಿಡಿಯುತ್ತಿದ್ದವರು ಆಮೇಲೆ ಹಾವು ಹಿಡಿದು, ವಿಷ ತೆಗೆದು, ಮತ್ತೆ ಕಾಡಿಗೆ ಬಿಡತೊಡಗಿದರು. ಅವರಿಗೆ ಈ ಬದಲಾವಣೆಯ ದಾರಿ ತೋರಿದ ರಾಮ್ಯುಲಸ್ ವಿಟೇಕರ್ ಮುಂದೆ ಆಗುಂಬೆಯಲ್ಲಿ ಮಳೆಕಾಡಿನ ಸಂಶೋಧನಾ ಕೇಂದ್ರ ಕಟ್ಟಿದರು. ಕಾಳಿಂಗ ಸರ್ಪದ ಅಧ್ಯಯನಕ್ಕೆ ಅದು ಹೆಸರಾಗಿದೆ.

ಇಷ್ಟೆಲ್ಲ ತಿಳಿದವರ ನಡುವೆಯೇ ಇನ್ನೊಂದು ರೋಗ ಹಬ್ಬಿದೆ. ಹಾವಿನ ಬಾಲ ಹಿಡಿದು ಎತ್ತುವುದು, ಹೆಡೆಗೆ ಮುತ್ತಿಡುವುದು, ಅದನ್ನು ರೀಲ್ಸ್ ಮಾಡಿ ಹಾಕುವುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಹಾವು ಹಿಡಿದು ಆಡಿಸುವುದು ಅಪರಾಧ. ನೋಡುವವರು ಲೈಕ್ ಒತ್ತಿದಷ್ಟೂ ಮುಂದಿನ ಹುಡುಗ ಇನ್ನಷ್ಟು ಹತ್ತಿರ ಹೋಗುತ್ತಾನೆ. ಅಂಥ ವಿಡಿಯೋ ಹಂಚದಿರುವುದು ಯಾವ ಖರ್ಚೂ ಇಲ್ಲದ ವನ್ಯಜೀವಿ ಸೇವೆ.

ಆಗುಂಬೆಯಲ್ಲಾಗಲಿ, ಚಾರ್ಮಾಡಿ ಘಾಟಿಯಲ್ಲಾಗಲಿ ಕಾರು ನಿಲ್ಲಿಸಿ ಮಂಗಗಳಿಗೆ ಚಿಪ್ಸ್, ಬಿಸ್ಕತ್ತು ಎಸೆಯುವ ದೃಶ್ಯ ಎಲ್ಲರಿಗೂ ಗೊತ್ತು. ಭಾರತ ಬಿಟ್ಟರೆ ಬೇರಾವ ದೇಶದ ಕಾಡಿನಲ್ಲೂ ಇಲ್ಲದ ಈ ಜಾತಿಯ ಮಂಗ, ಎಸೆದ ತಿಂಡಿಯ ರುಚಿ ಹತ್ತಿದ ಮೇಲೆ ಕಾಡಿನ ಹಣ್ಣು ಮರೆತು ರಸ್ತೆಯಂಚಿಗೆ ಬಂದು ಕೂರುತ್ತದೆ. ಲಾರಿಯ ಚಕ್ರಕ್ಕೆ ಸಿಗುತ್ತದೆ. ತಿಂಡಿ ಕೊಡದ ಮಗುವಿನ ಕೈಯಿಂದ ಕಸಿಯುತ್ತದೆ, ಕಚ್ಚುತ್ತದೆ. ಆಗ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಗಾಯವನ್ನು 15 ನಿಮಿಷ ತೊಳೆದು, ರೇಬಿಸ್ ಚುಚ್ಚುಮದ್ದಿಗೆ ಓಡಬೇಕು. ದಯೆಯಿಂದ ಎಸೆದ ಬಿಸ್ಕತ್ತು ಎರಡೂ ಜೀವಕ್ಕೆ ಕುತ್ತು.

ಪ್ರಾಣಿಯೊಂದು ಇಲ್ಲವಾದರೂ ಮನುಷ್ಯನ ಆರೋಗ್ಯ ಕೆಡುತ್ತದೆ ಎಂಬುದಕ್ಕೆ ರಣಹದ್ದು ಸಾಕ್ಷಿ. ದನಕರುಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಮದ್ದು, ಸತ್ತ ದನದ ಮಾಂಸದ ಮೂಲಕ ಹದ್ದುಗಳ ಮೂತ್ರಪಿಂಡ ಕೆಡಿಸಿ ಅವನ್ನು ಲಕ್ಷಗಟ್ಟಲೆ ಕೊಂದಿತು. ಪಶುಚಿಕಿತ್ಸೆಯಲ್ಲಿ ಅದನ್ನು 2006ರಲ್ಲಿ ನಿಷೇಧಿಸುವ ಹೊತ್ತಿಗೆ ದೇಶದ ಬಹುಪಾಲು ಹದ್ದುಗಳು ಹೋಗಿದ್ದವು. ಕಳೇಬರಗಳು ಬೀದಿನಾಯಿಗಳ ಪಾಲಾದವು, ನೀರು ಕೆಟ್ಟಿತು. ಹದ್ದುಗಳಿದ್ದ ಜಿಲ್ಲೆಗಳಲ್ಲಿ 2000ದಿಂದ 2005ರ ನಡುವೆ ಈ ಕಾರಣಕ್ಕೆ ಸುಮಾರು 5 ಲಕ್ಷ ಹೆಚ್ಚುವರಿ ಸಾವು ಸಂಭವಿಸಿರಬೇಕೆಂದು ಅರ್ಥಶಾಸ್ತ್ರಜ್ಞರಾದ ಇಯಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್ 2024ರಲ್ಲಿ ಪ್ರಕಟಿಸಿದ ಅಧ್ಯಯನ ಲೆಕ್ಕ ಹಾಕಿದೆ. ಕರ್ನಾಟಕ 2012ರಲ್ಲಿ ರಾಮನಗರದ ರಾಮದೇವರ ಬೆಟ್ಟವನ್ನು ರಣಹದ್ದುಗಳ ಧಾಮವೆಂದು ಘೋಷಿಸಿತು.

ಹಾಗಾದರೆ ದೂರವಿರುವುದಷ್ಟೇ ಯುವಜನರ ಪಾಲಿಗೆ ಬಂದ ಕೆಲಸವೇ? ಅಲ್ಲ. ನೋಡುವುದೂ ಇದೆ.

ಕ್ಯಾಸನೂರಿನ ಕಾಯಿಲೆಗೆ ಇನ್ನೊಂದು ಕವಲಿದೆ, ಅದು ಅನೇಕರಿಗೆ ತಿಳಿಯದು. ಹೊಸ ವೈರಸ್ಸಿಗೆ ರಷ್ಯಾದ ಕಡೆಯ ಉಣುಗು ಜ್ವರದ ವೈರಸ್ಸಿನ ಹೋಲಿಕೆ ಕಂಡಿದ್ದರಿಂದ, ವಲಸೆ ಹಕ್ಕಿಗಳೇನಾದರೂ ಇದನ್ನು ಹೊತ್ತು ತಂದವೇ ಎಂಬ ಅನುಮಾನ ಹುಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1959ರಲ್ಲಿ ಹಕ್ಕಿಗಳ ವಲಸೆಯ ಅಧ್ಯಯನ ಶುರುಮಾಡಿತು. ಮುಂದೆ ನಿಂತವರು ಪಕ್ಷಿತಜ್ಞ ಸಲೀಂ ಅಲಿ. ಹಕ್ಕಿಗಳನ್ನು ಬಲೆಯಲ್ಲಿ ಹಿಡಿದು, ಕಾಲಿಗೆ ನಂಬರಿನ ಉಂಗುರ ತೊಡಿಸಿ ಬಿಟ್ಟರು. ಹಕ್ಕಿಗಳ ಮೇಲಿನ ಆರೋಪ ಸಾಬೀತಾಗಲಿಲ್ಲ. ಆದರೆ ನಮ್ಮ ಕೆರೆಗಳಿಗೆ ಬರುವ ಅತಿಥಿಗಳ ದಾರಿ ಅರಿಯುವ ಕೆಲಸಕ್ಕೆ ಆ ಜ್ವರವೇ ನೆಪವಾಯಿತು. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಪಟ್ಟೆತಲೆ ಹೆಬ್ಬಾತುಗಳನ್ನು ಮೈಸೂರು ಸೀಮೆಯ ಕೆರೆಗಳಲ್ಲಿ ಹವ್ಯಾಸಿಗಳು ಗುರುತಿಸಿದ್ದಾರೆ.

ಅಂಥ ಹವ್ಯಾಸಿಗಳ ಟಿಪ್ಪಣಿಗಳೇ ಇವತ್ತು ವಿಜ್ಞಾನದ ಬಂಡವಾಳ. 2023ರಲ್ಲಿ ಹೊರಬಂದ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿ ಸುಮಾರು 30,000 ಪಕ್ಷಿವೀಕ್ಷಕರು ಕೊಟ್ಟ ಮೂರು ಕೋಟಿ ದಾಖಲೆಗಳ ಮೇಲೆ ನಿಂತಿದೆ. 942 ಜಾತಿಯ ಹಕ್ಕಿಗಳನ್ನು ಅದು ಪರಿಶೀಲಿಸಿತು. ಕರ್ನಾಟಕದ ರಾಜ್ಯ ಪಕ್ಷಿ ನೀಲಕಂಠದ ಸಂಖ್ಯೆ ಇಳಿಯುತ್ತಿದೆ ಎಂಬ ಸಂಗತಿ ಗೊತ್ತಾದದ್ದೂ ಹೀಗೆಯೇ. ಪ್ರತಿ ಫೆಬ್ರುವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಹಿತ್ತಿಲ ಹಕ್ಕಿಗಳ ಎಣಿಕೆ ನಡೆಯುತ್ತದೆ. ಭಾರತದ ಕಾಲೇಜು ಆವರಣಗಳೂ ಅದರಲ್ಲಿ ಸೇರುತ್ತವೆ. ಒಂದು ಜಾಗದಲ್ಲಿ ಕನಿಷ್ಠ 15 ನಿಮಿಷ ನಿಂತು, ಕಂಡ ಹಕ್ಕಿಗಳ ಹೆಸರು, ಸಂಖ್ಯೆ ಬರೆದರೆ ಆಯಿತು. ದುರ್ಬೀನು ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಗೊರವಂಕ, ಪಿಕಳಾರ, ಮಡಿವಾಳ, ಸೂರಕ್ಕಿ, ಕೆಂಬೂತಗಳಿಂದ ಶುರುಮಾಡಬಹುದು.

ಎಣಿಸುವವರಿಗೂ ಇದರಲ್ಲಿ ಲಾಭವಿದೆ. ಜಗತ್ತಿನ 11ರಿಂದ 17 ವಯಸ್ಸಿನ ಮಕ್ಕಳಲ್ಲಿ ಐವರಲ್ಲಿ ನಾಲ್ವರಿಗೆ ಬೇಕಾದಷ್ಟು ದೈಹಿಕ ಚಟುವಟಿಕೆಯೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆ ವಯಸ್ಸಿಗೆ ಅದು ಹೇಳುವ ಪ್ರಮಾಣ ದಿನಕ್ಕೆ ಒಂದು ಗಂಟೆ. ಚೀನಾದ ಗುವಾಂಗ್‌ಝೌ ನಗರದ 12 ಶಾಲೆಗಳಲ್ಲಿ ಒಂದು ಪ್ರಯೋಗ ನಡೆಯಿತು. ಕೆಲವು ಶಾಲೆಗಳ ಒಂದನೇ ತರಗತಿಯ ಮಕ್ಕಳಿಗೆ ದಿನಕ್ಕೆ 40 ನಿಮಿಷ ಹೆಚ್ಚಾಗಿ ಬಯಲಿನಲ್ಲಿ ಕಳೆಯಲು ಬಿಟ್ಟರು. ಮೂರು ವರ್ಷದ ನಂತರ ನೋಡಿದರೆ, ಉಳಿದ ಶಾಲೆಗಳಲ್ಲಿ ಸುಮಾರು ನೂರಕ್ಕೆ 40 ಮಕ್ಕಳಿಗೆ ದೂರದ್ದು ಮಸುಕಾಗುವ ದೃಷ್ಟಿದೋಷ ಬಂದಿತ್ತು. ಬಯಲಿಗೆ ಹೋದವರಲ್ಲಿ ಅದು ಸುಮಾರು 30. ಲಂಡನ್ನಿನ ಕಿಂಗ್ಸ್ ಕಾಲೇಜಿನವರು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಕ್ಕಿಯನ್ನು ಕಂಡ ಅಥವಾ ಅದರ ದನಿ ಕೇಳಿದ ಜನ ಕೆಲವು ಗಂಟೆಗಳವರೆಗೂ ಹೆಚ್ಚು ನೆಮ್ಮದಿ ಹೇಳಿಕೊಂಡರು. ಖಿನ್ನತೆ ಇದ್ದವರಲ್ಲೂ ಈ ವ್ಯತ್ಯಾಸ ಕಂಡಿತು.

ಜಿಮ್ಮಿನ ಶುಲ್ಕ ಕಟ್ಟಲಾಗದ ಹಳ್ಳಿಯ ಹುಡುಗಿಗೆ ಊರ ಕೆರೆಯ ಏರಿ ಇದೆ. ಬೆಂಗಳೂರಿನ ಹುಡುಗನಿಗೆ ಲಾಲ್‌ಬಾಗ್ ಇದೆ. ಬೆಳಿಗ್ಗೆ ಒಂದು ಗಂಟೆ ಅಲ್ಲಿ ನಡೆದರೆ ಕಾಲಿಗೆ ಕೆಲಸ, ಕಣ್ಣಿಗೆ ದೂರದ ನೋಟ, ಕಿವಿಗೆ ಮೊಬೈಲಿನದ್ದಲ್ಲದ ಸದ್ದು ಸಿಗುತ್ತದೆ. ಕೆರೆಗೆ ಯಾರೋ ಕಟ್ಟಡದ ಕಸ ಸುರಿಯುತ್ತಿದ್ದರೆ ಮೊದಲು ಕಣ್ಣಿಗೆ ಬೀಳುವುದೂ ದಿನಾ ನಡೆಯುವವರಿಗೇ. ಗೂಡಿನ ಹತ್ತಿರ ಹೋಗಿ ಫೋಟೋ ತೆಗೆಯದಿದ್ದರೆ, ಮೊಬೈಲಿನಲ್ಲಿ ಹಕ್ಕಿಯ ದನಿ ಹಾಕಿ ಅದನ್ನು ಕರೆಯದಿದ್ದರೆ ಹಕ್ಕಿಗೂ ಕಿರುಕುಳವಿಲ್ಲ.

ಕೇಳುಗರಲ್ಲಿ ಹದಿಹರೆಯದವರಿದ್ದರೆ, ಬರುವ ಭಾನುವಾರ ಗೆಳೆಯರೊಂದಿಗೆ ಹತ್ತಿರದ ಕೆರೆಗೋ ಗುಡ್ಡಕ್ಕೋ ಹೋಗಿ 15 ನಿಮಿಷ ಸುಮ್ಮನೆ ನಿಂತು ಎಣಿಸಿ ನೋಡಿ. ಹೊರಡುವ ಮುಂಚೆ ಊರಿನ ಆಶಾ ಕಾರ್ಯಕರ್ತೆಯ ನಂಬರು, ಆಂಬುಲೆನ್ಸಿನ 108, ಅರಣ್ಯ ಇಲಾಖೆಯ ಸಹಾಯವಾಣಿ 1926 – ಈ ಮೂರನ್ನೂ ಫೋನಿನಲ್ಲಿ ಬರೆದಿಟ್ಟುಕೊಳ್ಳಿ.