ವಿದ್ಯುತ್ ಬಾಂಡುಗಳೂ ವಸೂಲಿ ಸಂಸ್ಥೆಯ ದಾಖಲೆಯ ಹೊಣೆಯೂ

(ಉಪನ್ಯಾಸದ ಪಾಠ)



ಸಾಲ ಕೊಡುವವನು ಆಧಾರ ಕೇಳುವುದು ಲೋಕರೂಢಿ. ಹೊಲ, ಮನೆ, ಚಿನ್ನ, ಯಂತ್ರ ಇವೆಲ್ಲ ಕಣ್ಣಿಗೆ ಕಾಣುವ ಆಧಾರಗಳು. ಕಣ್ಣಿಗೆ ಕಾಣದ ಆಧಾರದ ಮೇಲೆಯೂ ನೂರಾರು ಕೋಟಿ ಡಾಲರುಗಳ ಸಾಲವನ್ನು ಎತ್ತುವ ಪದ್ಧತಿಯೊಂದು ಅಮೆರಿಕದ ವಿದ್ಯುತ್ ಕ್ಷೇತ್ರದಲ್ಲಿ 1990ರ ದಶಕದಿಂದ ಬೆಳೆದುಬಂದಿದೆ. ಅಲ್ಲಿ ಗ್ರಾಹಕರ ಬಿಲ್ಲಿನೊಂದಿಗೆ ಒಂದು ಸಣ್ಣ ಶುಲ್ಕವನ್ನು ವಿಧಿಸಿ ವಸೂಲು ಮಾಡುವ ಹಕ್ಕೇ ಸಾಲದ ಆಧಾರ. ಈ ಹಕ್ಕು ಕಂಬದಲ್ಲಿಲ್ಲ, ತಂತಿಯಲ್ಲಿಲ್ಲ. ಅದು ಇರುವುದು ಕಾಗದಪತ್ರಗಳಲ್ಲಿ ಮತ್ತು ಲೆಕ್ಕದ ಪುಸ್ತಕಗಳಲ್ಲಿ. ಆದಕಾರಣ ಆ ಪತ್ರಗಳನ್ನೂ ಪುಸ್ತಕಗಳನ್ನೂ ಕಾಪಾಡಬೇಕಾದವರ ಕರ್ತವ್ಯವು ಕೇವಲ ಗುಮಾಸ್ತಿಕೆಯ ಕೆಲಸವಲ್ಲ. ಸಾಲದ ಭದ್ರತೆಯೇ ಅದನ್ನು ಅವಲಂಬಿಸಿದೆ.

ಪದ್ಧತಿಯ ಸ್ವರೂಪ

ಕ್ಯಾಲಿಫೋರ್ನಿಯಾ ರಾಜ್ಯವು 1996ರಲ್ಲಿ ವಿದ್ಯುತ್ ಮಾರಾಟದಲ್ಲಿ ಸ್ಪರ್ಧೆಗೆ ಅವಕಾಶ ನೀಡುವ ಶಾಸನವನ್ನು ಮಾಡಿತು. ಹಿಂದೆ ಹೂಡಿದ ಭಾರೀ ಬಂಡವಾಳವು ಸ್ಪರ್ಧೆಯ ಕಾಲದಲ್ಲಿ ಹಿಂದಿರುಗದೆ ಹೋಗಬಹುದೆಂಬ ಚಿಂತೆ ಅಲ್ಲಿನ ಕಂಪನಿಗಳಿಗಿತ್ತು. ಮನೆಬಳಕೆಯ ಹಾಗೂ ಸಣ್ಣ ವಾಣಿಜ್ಯ ಗ್ರಾಹಕರಿಗೆ ದರದಲ್ಲಿ ಶೇಕಡಾ 10ರಷ್ಟು ಇಳಿಕೆ ಮಾಡಬೇಕೆಂದೂ, ಅದಕ್ಕೆ ಬೇಕಾದ ಹಣವನ್ನು ಬಾಂಡುಗಳ ಮೂಲಕ ಒದಗಿಸಿಕೊಳ್ಳಬಹುದೆಂದೂ ಶಾಸನವು ವಿಧಿಸಿತು. 1997ರ ಡಿಸೆಂಬರಿನಲ್ಲಿ ಪೆಸಿಫಿಕ್ ಗ್ಯಾಸ್ ಅಂಡ್ ಎಲೆಕ್ಟ್ರಿಕ್ ಕಂಪನಿಯ ಪರವಾಗಿ ಸುಮಾರು 290 ಕೋಟಿ ಡಾಲರುಗಳ ಬಾಂಡುಗಳು ಹೊರಬಂದವು. ಮುಂದೆ ಬೇರೆ ರಾಜ್ಯಗಳೂ ಈ ದಾರಿಯನ್ನು ಹಿಡಿದವು. ಟೆಕ್ಸಾಸಿನ ಹ್ಯೂಸ್ಟನ್ ಪ್ರದೇಶದ ವಿತರಣಾ ಕಂಪನಿಗಾಗಿ 2001ರಲ್ಲಿ 74.9 ಕೋಟಿ ಡಾಲರುಗಳ ಬಾಂಡುಗಳನ್ನು ಮಾರಲಾಯಿತು. 2005ರ ಕತ್ರಿನಾ ಮತ್ತು ರೀಟಾ ಚಂಡಮಾರುತಗಳಿಂದ ಆದ ಹಾನಿಯ ವೆಚ್ಚಕ್ಕಾಗಿ ಲೂಯಿಸಿಯಾನಾದ ಕ್ಲೆಕೋ ಕಂಪನಿಯು 2008ರಲ್ಲಿ ಸುಮಾರು 18 ಕೋಟಿ ಡಾಲರುಗಳನ್ನು ಇದೇ ಕ್ರಮದಲ್ಲಿ ಎತ್ತಿತು.

ಈ ವ್ಯವಸ್ಥೆಯಲ್ಲಿ ನಾಲ್ವರು ಪಾತ್ರಧಾರಿಗಳುಂಟು. ರಾಜ್ಯದ ನಿಯಂತ್ರಣ ಆಯೋಗವು ಆದೇಶ ಹೊರಡಿಸಿ ಶುಲ್ಕದ ಹಕ್ಕನ್ನು ಹುಟ್ಟಿಸುತ್ತದೆ. ವಿದ್ಯುತ್ ಕಂಪನಿಯು ಆ ಹಕ್ಕನ್ನು ಈ ಉದ್ದೇಶಕ್ಕೆಂದೇ ಸ್ಥಾಪಿತವಾದ ಪ್ರತ್ಯೇಕ ಬಾಂಡ್ ಸಂಸ್ಥೆಗೆ ಮಾರುತ್ತದೆ. ಬಾಂಡ್ ಸಂಸ್ಥೆಯು ಬಾಂಡುಗಳನ್ನು ಹೊರಡಿಸುತ್ತದೆ. ಬಾಂಡುದಾರರ ಹಿತವನ್ನು ಕಾಯಲು ಟ್ರಸ್ಟಿಯೊಬ್ಬರು, ಸಾಮಾನ್ಯವಾಗಿ ಒಂದು ಬ್ಯಾಂಕು, ನೇಮಕವಾಗಿರುತ್ತಾರೆ. ಆದರೆ ಬಾಂಡ್ ಸಂಸ್ಥೆಗೆ ತನ್ನದೇ ಆದ ಸಿಬ್ಬಂದಿಯಿಲ್ಲ, ಮೀಟರು ಓದುವವರಿಲ್ಲ, ಬಿಲ್ಲು ಹಂಚುವವರಿಲ್ಲ. ಆದ್ದರಿಂದ ಹಕ್ಕನ್ನು ಮಾರಿದ ಆ ವಿದ್ಯುತ್ ಕಂಪನಿಯೇ ಒಪ್ಪಂದವೊಂದರ ಮೂಲಕ ವಸೂಲಿ ಸಂಸ್ಥೆಯಾಗಿ ನಿಲ್ಲುತ್ತದೆ. ಹೀಗೆ ನಿನ್ನೆಯವರೆಗೆ ತನ್ನದಾಗಿದ್ದ ಹಣವನ್ನು ಅದು ಇಂದಿನಿಂದ ಪರರ ಹಣವೆಂದು ತಿಳಿದು ಎಣಿಸಬೇಕಾಗುತ್ತದೆ. ದಾಖಲೆಯ ಹೊಣೆಗಳೆಲ್ಲವೂ ಹುಟ್ಟುವುದು ಈ ಒಂದು ಬದಲಾವಣೆಯಿಂದ.

ಕಾಪಾಡಬೇಕಾದ ಪತ್ರಗಳು

ಇಂತಹ ಒಪ್ಪಂದಗಳು ದಾಖಲೆಗಳನ್ನು ಎರಡು ಬಗೆಯಾಗಿ ಕಾಣುತ್ತವೆ. ಮೊದಲನೆಯದು ಹಕ್ಕಿನ ಮೂಲಪತ್ರಗಳು: ಆಯೋಗದ ಆದೇಶ, ಶುಲ್ಕದ ಮೊತ್ತವನ್ನು ಆಯೋಗಕ್ಕೆ ತಿಳಿಸಿದ ಪತ್ರ, ಮಾರಾಟದ ಕರಾರು, ಕ್ರಯಪತ್ರ, ಸರ್ಕಾರಿ ಕಚೇರಿಯಲ್ಲಿ ದಾಖಲಿಸಿದ ಆಧಾರ ಸೂಚನೆಗಳು. ಇವುಗಳನ್ನು ವಸೂಲಿ ಸಂಸ್ಥೆಯು ಬಾಂಡ್ ಸಂಸ್ಥೆಯ ಮತ್ತು ಟ್ರಸ್ಟಿಯ ಪರವಾಗಿ ಅಭಿರಕ್ಷಕನಂತೆ ಇಟ್ಟುಕೊಳ್ಳಬೇಕು. ಅವು ಯಾವ ಕಚೇರಿಯಲ್ಲಿವೆ ಎಂಬುದು ತಿಳಿದಿರಬೇಕು. ಸ್ಥಳ ಬದಲಾದರೆ ಟ್ರಸ್ಟಿಗೆ ಲಿಖಿತವಾಗಿ ತಿಳಿಸಬೇಕು. ಕೆಲಸದ ವೇಳೆಯಲ್ಲಿ ಟ್ರಸ್ಟಿಯ ಪ್ರತಿನಿಧಿಗಳು, ವಕೀಲರು ಅಥವಾ ಲೆಕ್ಕಪರಿಶೋಧಕರು ಬಂದು ನೋಡಬಯಸಿದಲ್ಲಿ ತೋರಿಸಬೇಕು.

ಆಧಾರ ಸೂಚನೆಗಳಿಗೆ ಕಾಲಮಿತಿಯೂ ಉಂಟು. ಅಮೆರಿಕದ ವಾಣಿಜ್ಯ ಸಂಹಿತೆಯ ಸಾಮಾನ್ಯ ನಿಯಮದಂತೆ ಇಂತಹ ಸೂಚನೆ 5 ವರ್ಷಗಳವರೆಗೆ ಊರ್ಜಿತವಾಗಿರುತ್ತದೆ. ಆ ಅವಧಿಯ ಕೊನೆಯ 6 ತಿಂಗಳೊಳಗೆ ಮುಂದುವರಿಕೆಯ ಪತ್ರವನ್ನು ಸಲ್ಲಿಸಬೇಕು. ಹತ್ತು ಹದಿನೈದು ವರ್ಷಗಳ ಬಾಂಡಿನಲ್ಲಿ ಇದು ಮತ್ತೆ ಮತ್ತೆ ಬರುವ ಗಡುವು. ಅಧಿಕಾರಿಗಳು ಬದಲಾಗುತ್ತಾರೆ, ಕಚೇರಿಗಳು ಬದಲಾಗುತ್ತವೆ. ಗಡುವನ್ನು ನೆನಪಿನಲ್ಲಿಡುವುದು ಕಡತವೊಂದೇ.

ಎರಡನೆಯದು ದಿನನಿತ್ಯದ ಲೆಕ್ಕಪತ್ರಗಳು ಮತ್ತು ಅವುಗಳನ್ನು ನಡೆಸುವ ಗಣಕಯಂತ್ರ ವ್ಯವಸ್ಥೆ. ಇವು ಎಷ್ಟು ವಿವರವಾಗಿರಬೇಕೆಂಬುದಕ್ಕೆ ಒಪ್ಪಂದಗಳು ಪುಟಗಳ ಎಣಿಕೆಯನ್ನು ಹೇಳುವುದಿಲ್ಲ. ಒಂದು ಒರೆಗಲ್ಲನ್ನು ಕೊಡುತ್ತವೆ. ಗ್ರಾಹಕರಿಂದ ವಸೂಲಾದ ಶುಲ್ಕಕ್ಕೂ ಟ್ರಸ್ಟಿಗೆ ಪಾವತಿಯಾದ ಮೊತ್ತಕ್ಕೂ ತಾಳೆ ನೋಡಲು ಸಾಧ್ಯವಾಗುವಷ್ಟು ವಿವರ ಇರಬೇಕು. ಈ ತಾಳೆ ಬೀಳದ ಪುಸ್ತಕ ಎಷ್ಟೇ ದಪ್ಪವಾಗಿದ್ದರೂ ನಿಷ್ಪ್ರಯೋಜಕ.

ತಾಳೆಯ ತೊಡಕು

ತಾಳೆ ನೋಡುವುದು ಹೇಳಿದಷ್ಟು ಸುಲಭವಲ್ಲ. ಗ್ರಾಹಕನು ಒಂದೇ ಮೊತ್ತವನ್ನು ಕಟ್ಟುತ್ತಾನೆ. ಇದರಲ್ಲಿ ಇಷ್ಟು ಬಾಂಡಿನ ಶುಲ್ಕ, ಇಷ್ಟು ವಿದ್ಯುತ್ತಿನ ಬೆಲೆ ಎಂದು ಬಿಡಿಸಿ ಕಟ್ಟುವುದಿಲ್ಲ. ಉದಾಹರಣೆಗೆ, 100 ಡಾಲರುಗಳ ಬಿಲ್ಲಿನಲ್ಲಿ 4 ಡಾಲರು ಬಾಂಡಿನ ಶುಲ್ಕವಾಗಿರಲಿ. ಗ್ರಾಹಕನು 50 ಡಾಲರನ್ನು ಮಾತ್ರ ಕಟ್ಟಿದರೆ ಅದರಲ್ಲಿ ಬಾಂಡುದಾರರ ಪಾಲೆಷ್ಟು? ಪ್ರಮಾಣಾನುಗುಣ ಹಂಚಿಕೆಯ ಕ್ರಮವಿರುವಲ್ಲಿ 2 ಡಾಲರು. ಕಂಪನಿಯು ತನ್ನ ಬಾಕಿಯನ್ನು ಮೊದಲು ತೀರಿಸಿಕೊಂಡು ಉಳಿದುದನ್ನು ಬಾಂಡಿಗೆ ಕೊಡುವಂತಿಲ್ಲ. ಹಂಚಿಕೆಯಾದದ್ದು ನಿಯಮದಂತೆಯೋ ಅಲ್ಲವೋ ಎಂಬುದನ್ನು ಲಕ್ಷಾಂತರ ಗ್ರಾಹಕರ ವಿಷಯದಲ್ಲಿ ತೋರಿಸಿಕೊಡುವುದು ದಾಖಲೆಯೇ ಹೊರತು ಅನ್ಯವಲ್ಲ.

ಕೆಲವು ಕಂಪನಿಗಳ ಬಿಲ್ಲಿನ ವ್ಯವಸ್ಥೆ ಪ್ರತಿಯೊಂದು ಪಾವತಿಯನ್ನೂ ಅಂದಂದೇ ಬಿಡಿಸಿ ಹೇಳಲಾರದು. ಅಂತಹ ಕಡೆ ಗ್ರಾಹಕರು ಬಿಲ್ಲು ತೀರಿಸಲು ಸರಾಸರಿ ಎಷ್ಟು ದಿನ ತೆಗೆದುಕೊಳ್ಳುತ್ತಾರೆ, ಬಿಲ್ಲಿನ ಮೊತ್ತದಲ್ಲಿ ಎಷ್ಟು ಪಾಲು ವಸೂಲಾಗದೆ ಮನ್ನಾ ಆಗುತ್ತದೆ ಎಂಬ ಹಿಂದಿನ ಲೆಕ್ಕದಿಂದ ಅಂದಾಜು ಮಾಡಿ ಹಣವನ್ನು ಟ್ರಸ್ಟಿಗೆ ಕಳುಹಿಸುತ್ತಾರೆ. ಅನಂತರ ನಿಗದಿತ ಅವಧಿಯಲ್ಲಿ ನಿಜವಾದ ವಸೂಲಿಯೊಂದಿಗೆ ಹೋಲಿಸಿ ಹೆಚ್ಚುಕಡಿಮೆಯನ್ನು ಸರಿಪಡಿಸುತ್ತಾರೆ. ಅಂದಾಜಿಗೆ ಬಳಸಿದ ಅಂಕಿಗಳನ್ನು ಉಳಿಸಿಟ್ಟುಕೊಳ್ಳದಿದ್ದರೆ ಈ ಸರಿಪಡಿಕೆ ಅಸಾಧ್ಯ.

ಟೆಕ್ಸಾಸಿನಲ್ಲಿ ತೊಡಕು ಇನ್ನೊಂದು ಬಗೆಯದು. ಅಲ್ಲಿ ಸ್ಪರ್ಧೆಯಿರುವ ಪ್ರದೇಶಗಳಲ್ಲಿ ಗ್ರಾಹಕನಿಗೆ ಬಿಲ್ಲು ಕೊಡುವವರು ಚಿಲ್ಲರೆ ವಿದ್ಯುತ್ ಮಾರಾಟಗಾರರು. ವಸೂಲಿ ಸಂಸ್ಥೆಯಾದ ವಿತರಣಾ ಕಂಪನಿಯು ಈ ಮಾರಾಟಗಾರರಿಗೆ ಬಿಲ್ಲು ಮಾಡುತ್ತದೆ. ಅವರು 35 ದಿನಗಳೊಳಗೆ ಹಣ ಸಂದಾಯ ಮಾಡಬೇಕು. ಆದ್ದರಿಂದ ಪ್ರತಿಯೊಬ್ಬ ಮಾರಾಟಗಾರನಿಗೂ ಬೇರೆ ಲೆಕ್ಕ, ಬಾಕಿಯಾದ ದಿನಗಳ ಎಣಿಕೆ, ಇಟ್ಟ ಠೇವಣಿಯ ದಾಖಲೆ ಇವೆಲ್ಲವನ್ನೂ ನಡೆಸಬೇಕಾಗುತ್ತದೆ.

ಗ್ರಾಹಕನ ರಕ್ಷಣೆ

ದಾಖಲೆಯು ಬಾಂಡುದಾರನನ್ನು ಮಾತ್ರ ಕಾಯುತ್ತದೆಂದು ಭಾವಿಸಬಾರದು. ಶುಲ್ಕದ ದರವು ಒಮ್ಮೆ ನಿಶ್ಚಯವಾಗಿ ಹಾಗೆಯೇ ನಿಲ್ಲುವುದಿಲ್ಲ. ವರ್ಷಕ್ಕೊಮ್ಮೆ, ಕೆಲವೆಡೆ ವರ್ಷಕ್ಕೆ ಎರಡು ಬಾರಿ, ವಸೂಲಿ ಸಂಸ್ಥೆಯು ಲೆಕ್ಕ ಹಾಕಿ ಆಯೋಗಕ್ಕೆ ದರದ ಪರಿಷ್ಕರಣೆಯನ್ನು ಸಲ್ಲಿಸುತ್ತದೆ. ಬೇಸಗೆ ತಂಪಾಗಿ ವಿದ್ಯುತ್ ಬಳಕೆ ಇಳಿದು ವಸೂಲಿ ಕಡಿಮೆಯಾಗಿದ್ದರೆ ದರ ಏರುತ್ತದೆ. ಹೆಚ್ಚು ವಸೂಲಾಗಿದ್ದರೆ ಇಳಿಯುತ್ತದೆ. ಆಯೋಗವು ಈ ಸಂದರ್ಭದಲ್ಲಿ ಮುಖ್ಯವಾಗಿ ಗಣಿತದ ತಪ್ಪುಗಳನ್ನಷ್ಟೇ ನೋಡುತ್ತದೆ. ಹೀಗಿರುವಾಗ ಗಣಿತದೊಳಗೆ ಸೇರಿದ ಅಂಕಿಯೇ ತಪ್ಪಾಗಿದ್ದರೆ ಗ್ರಾಹಕನು ತಾನು ಕೊಡಬೇಕಾಗಿಲ್ಲದ ಹಣವನ್ನು ತಿಳಿಯದೆಯೇ ಕೊಡುತ್ತಾನೆ. ಬಿಲ್ಲಿನ ಆ ಬಾಬು ನ್ಯಾಯವಾದದ್ದೆಂದು ಹೇಳಲು ಅವನಿಗಿರುವ ಭರವಸೆ ವಸೂಲಿ ಸಂಸ್ಥೆಯ ಪುಸ್ತಕವೊಂದೇ.

ಯಾರು ಪರೀಕ್ಷಿಸುತ್ತಾರೆ?

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಟ್ರಸ್ಟಿಗೆ ಮೂಲಪತ್ರಗಳನ್ನು ನೋಡುವ ಅಧಿಕಾರವುಂಟು. ಆದರೆ ಆರಂಭದಲ್ಲಾಗಲಿ, ಆಗಾಗ್ಗೆಯಾಗಲಿ ಅವುಗಳನ್ನು ಪರಿಶೀಲಿಸಲೇಬೇಕೆಂಬ ಬಾಧ್ಯತೆಯಿಲ್ಲವೆಂದು ಬಹಳಷ್ಟು ಒಪ್ಪಂದಗಳು ಸ್ಪಷ್ಟವಾಗಿಯೇ ಹೇಳುತ್ತವೆ. ಟ್ರಸ್ಟಿಯು ನೆಚ್ಚುವುದು ವಸೂಲಿ ಸಂಸ್ಥೆಯು ಸಹಿ ಮಾಡಿ ಕಳುಹಿಸುವ ಪ್ರಮಾಣಪತ್ರಗಳನ್ನು. ಆದ್ದರಿಂದ ದಾಖಲೆಯಲ್ಲಿ ಲೋಪವುಂಟಾದರೆ ಅದನ್ನು ತಾನಾಗಿಯೇ ಕೂಡಲೇ ತಿಳಿಸಿ ಸರಿಪಡಿಸಬೇಕೆಂಬ ಕರ್ತವ್ಯವನ್ನು ಒಪ್ಪಂದವು ವಸೂಲಿ ಸಂಸ್ಥೆಯ ಮೇಲೆ ಹೊರಿಸುತ್ತದೆ. ಕಾವಲುಗಾರನು ಸದಾ ಬಾಗಿಲಲ್ಲಿ ನಿಂತಿರದ ಮನೆಯಲ್ಲಿ ಮನೆಯವರ ಪ್ರಾಮಾಣಿಕತೆಯೇ ಬೀಗ.

ಈ ಬೀಗಕ್ಕೆ ಸರ್ಕಾರದ ನಿಯಮಗಳು ಇನ್ನಷ್ಟು ಬಲವನ್ನು ಕೊಟ್ಟಿವೆ. ಅಮೆರಿಕದ ಷೇರು ನಿಯಂತ್ರಣ ಆಯೋಗವು 2004ರಲ್ಲಿ ಅಂಗೀಕರಿಸಿದ, 2006ರ ಆರಂಭದಿಂದ ಅನ್ವಯವಾದ ನಿಯಮಾವಳಿಯಂತೆ, ವಸೂಲಾದ ಹಣವನ್ನು ಒಪ್ಪಂದದಲ್ಲಿ ಬೇರೆ ಅವಧಿಯನ್ನು ಹೇಳಿಲ್ಲದಿದ್ದರೆ 2 ಕೆಲಸದ ದಿನಗಳೊಳಗೆ ನಿಗದಿತ ಖಾತೆಗೆ ಜಮಾ ಮಾಡಬೇಕು. ಬ್ಯಾಂಕ್ ಖಾತೆಗಳ ತಾಳೆಪಟ್ಟಿಯನ್ನು ಪ್ರತಿ ತಿಂಗಳೂ ತಯಾರಿಸಬೇಕು. ಒಪ್ಪಂದವು ಬೇರೆ ಗಡುವನ್ನು ಹೇಳದಿದ್ದರೆ ಬ್ಯಾಂಕ್ ಲೆಕ್ಕದ ಮುಕ್ತಾಯ ದಿನದಿಂದ 30 ದಿನಗಳೊಳಗೆ ಅದು ಸಿದ್ಧವಾಗಬೇಕು. ಪಟ್ಟಿಯನ್ನು ತಯಾರಿಸಿದವರೇ ಅದನ್ನು ಪರಿಶೀಲಿಸುವಂತಿಲ್ಲ. ತಾಳೆಯಾಗದ ಬಾಬುಗಳನ್ನು, ಒಪ್ಪಂದದಲ್ಲಿ ಬೇರೆ ಹೇಳಿಲ್ಲದಿದ್ದರೆ, ಗುರುತಿಸಿದ 90 ದಿನಗಳೊಳಗೆ ಇತ್ಯರ್ಥಪಡಿಸಬೇಕು. ವರ್ಷಕ್ಕೊಮ್ಮೆ ವಸೂಲಿ ಸಂಸ್ಥೆಯು ತಾನು ನಿಯಮಗಳನ್ನು ಪಾಲಿಸಿದೆಯೇ ಎಂಬ ಮೌಲ್ಯಮಾಪನವನ್ನು ಸಲ್ಲಿಸಬೇಕು; ಅದರ ಮೇಲೆ ಸ್ವತಂತ್ರ ಲೆಕ್ಕಪರಿಶೋಧಕರು ವರದಿ ನೀಡಬೇಕು. ಪಾಲನೆಯಲ್ಲಿ ಗಣನೀಯ ಲೋಪವಿದ್ದರೆ ಅದನ್ನು ಮುಚ್ಚಿಡುವಂತಿಲ್ಲ.

ಪರೀಕ್ಷೆಯ ಕಾಲ

ವ್ಯವಸ್ಥೆಯ ಗಟ್ಟಿತನ ತಿಳಿಯುವುದು ಕಷ್ಟಕಾಲದಲ್ಲಿ. 2000ದಿಂದ 2001ರವರೆಗೆ ಕ್ಯಾಲಿಫೋರ್ನಿಯಾವನ್ನು ವಿದ್ಯುತ್ ಬಿಕ್ಕಟ್ಟು ಆವರಿಸಿತು. ಸಗಟು ಬೆಲೆ ಗಗನಕ್ಕೇರಿತು. ಗ್ರಾಹಕರ ದರ ಅದಕ್ಕೆ ತಕ್ಕಂತೆ ಏರಲಿಲ್ಲ. ಪೆಸಿಫಿಕ್ ಗ್ಯಾಸ್ ಅಂಡ್ ಎಲೆಕ್ಟ್ರಿಕ್ ಕಂಪನಿಯ ಸಾಲಯೋಗ್ಯತೆ ಕುಸಿಯಿತು. ಅದುವರೆಗೆ ತಿಂಗಳಿಗೊಮ್ಮೆ ಟ್ರಸ್ಟಿಗೆ ಕಳುಹಿಸುತ್ತಿದ್ದ ಶುಲ್ಕದ ಹಣವನ್ನು 2001ರ ಜನವರಿಯಿಂದ ಪ್ರತಿದಿನವೂ ಕಳುಹಿಸಬೇಕಾಯಿತು. ಅದೇ ವರ್ಷ ಏಪ್ರಿಲ್ 6ರಂದು ಕಂಪನಿಯು ದಿವಾಳಿ ರಕ್ಷಣೆಯನ್ನು ಕೋರಿ ನ್ಯಾಯಾಲಯದ ಮೊರೆ ಹೊಕ್ಕಿತು. ಇತರ ಅನೇಕ ಸಾಲಗಾರರು ತಮ್ಮ ಹಣಕ್ಕಾಗಿ ಕಾದು ಕುಳಿತಾಗಲೂ ಈ ಬಾಂಡುಗಳ ಪಾವತಿ ಮುಂದುವರಿಯಿತು. 2004ರ ಏಪ್ರಿಲ್‌ನಲ್ಲಿ ಕಂಪನಿಯು ದಿವಾಳಿಯಿಂದ ಹೊರಬಂದಿತು. 2007ರ ಡಿಸೆಂಬರಿನಲ್ಲಿ ಬಾಂಡುಗಳ ಅವಧಿ ಮುಗಿಯಿತು.

ಈ ಫಲಕ್ಕೆ ಮೊದಲ ಕಾರಣ ಶಾಸನದ ಬಲ. ಹಕ್ಕು ಪೂರ್ಣವಾಗಿ ಮಾರಾಟವಾಗಿದ್ದುದರಿಂದ ಅದು ದಿವಾಳಿಯೆದ್ದ ಕಂಪನಿಯ ಆಸ್ತಿಯಲ್ಲವೆಂಬ ತಳಹದಿ ಇತ್ತು. ಆದರೆ ಹಕ್ಕು ಬೇರೆಯಾಗಿದ್ದರೂ ನಗದು ಹಣವು ಕಂಪನಿಯ ಕೈಯಿಂದಲೇ ಹಾದುಬರುತ್ತಿತ್ತು. ಆ ಹಣದಲ್ಲಿ ಇಷ್ಟು ನಮ್ಮದಲ್ಲ ಎಂದು ದಿನದಿನವೂ ಬೇರ್ಪಡಿಸಿ ತೋರಿಸುವ ಲೆಕ್ಕವಿಲ್ಲದಿದ್ದರೆ ಶಾಸನದ ಮಾತು ಪುಸ್ತಕದಲ್ಲಿಯೇ ಉಳಿಯುತ್ತಿತ್ತು. ತಿಂಗಳ ಲೆಕ್ಕವನ್ನು ದಿನದ ಲೆಕ್ಕವಾಗಿ ಬದಲಿಸಬಲ್ಲ ಸಿದ್ಧತೆ ಕಷ್ಟ ಬಂದ ಮೇಲೆ ಹುಟ್ಟುವುದಲ್ಲ. ಅದು ಒಳ್ಳೆಯ ದಿನಗಳಲ್ಲಿಯೇ ಇರಬೇಕು.

ವಸೂಲಿ ಸಂಸ್ಥೆಯೇ ತಪ್ಪಿ ನಡೆದರೆ ಅದನ್ನು ತೆಗೆದು ಬೇರೊಂದನ್ನು ನೇಮಿಸಲು ಒಪ್ಪಂದಗಳು ದಾರಿ ಮಾಡಿಕೊಟ್ಟಿವೆ. ಆಗ ಹೊರಹೋಗುವ ಸಂಸ್ಥೆಯು ಪತ್ರಗಳನ್ನೂ ಲೆಕ್ಕಗಳನ್ನೂ ಹಸ್ತಾಂತರಿಸಿ, ಕೆಲಸ ಕುಂಟದಂತೆ ಸಹಕರಿಸಬೇಕು. ಹೊಸಬರಿಗೆ ಅರ್ಥವಾಗದ, ಹಳಬರ ತಲೆಯಲ್ಲಿ ಮಾತ್ರ ಇರುವ ಲೆಕ್ಕವು ಆ ದಿನ ಯಾರ ಉಪಯೋಗಕ್ಕೂ ಬಾರದು.

ಭಾರತದ ಓದುಗರಿಗೆ

ಇಂತಹ ಬಾಂಡುಗಳ ಪದ್ಧತಿ ಭಾರತದ ವಿದ್ಯುತ್ ಕ್ಷೇತ್ರದಲ್ಲಿ ನೆಲೆಗೊಂಡಿಲ್ಲ. ಆದರೆ ನಿರ್ದಿಷ್ಟ ಉದ್ದೇಶಕ್ಕೆಂದು ಬಿಲ್ಲಿನಲ್ಲಿ ಪ್ರತ್ಯೇಕ ಬಾಬನ್ನು ಸೇರಿಸುವುದು ಇಲ್ಲಿ ಹೊಸತಲ್ಲ. ದೆಹಲಿಯಲ್ಲಿ ಹಿಂದಿನ ಕೊರತೆಯನ್ನು ತುಂಬಲು 2012ರಲ್ಲಿ ಶೇಕಡಾ 8ರ ಅಧಿಭಾರ ಬಂದಿತು. ಕರ್ನಾಟಕದಲ್ಲಿ 2025ರ ಏಪ್ರಿಲ್‌ನಿಂದ ನೌಕರರ ಪಿಂಚಣಿ ಮತ್ತು ಉಪದಾನದ ಬಾಬ್ತು ಯೂನಿಟ್ಟಿಗೆ 36 ಪೈಸೆಯ ಅಧಿಭಾರವನ್ನು ವಿಧಿಸಲಾಯಿತು. ವಿತರಣಾ ಕಂಪನಿಗಳಿಗೆ ಬರಬೇಕಾದ ಹಳೆಯ ಬಾಕಿಗಳನ್ನು ಕಾಲಮಿತಿಯೊಳಗೆ ತೀರಿಸಬೇಕೆಂದು 2025ರ ಆಗಸ್ಟ್ 6ರಂದು ತೀರ್ಪಿತ್ತ ಸರ್ವೋಚ್ಚ ನ್ಯಾಯಾಲಯವು, ಆ ಬಾಕಿ ವಸೂಲಾಗದೆ ಮುಂದುವರಿದ ಸಂದರ್ಭಗಳ ಬಗ್ಗೆ ಕಟ್ಟುನಿಟ್ಟಿನ ಲೆಕ್ಕ ಪರಿಶೋಧನೆ ನಡೆಸುವಂತೆಯೂ ನಿಯಂತ್ರಣ ಆಯೋಗಗಳಿಗೆ ನಿರ್ದೇಶಿಸಿತು.

ಮುಂಬಯಿಯಲ್ಲಿರಲಿ, ಚೆನ್ನೈಯಲ್ಲಿರಲಿ, ಹೈದರಾಬಾದಿನಲ್ಲಿರಲಿ, ಬಿಲ್ಲನ್ನು ಕೈಗೆತ್ತಿಕೊಂಡ ನಾಗರಿಕನು ಒಟ್ಟು ಮೊತ್ತವನ್ನಷ್ಟೇ ನೋಡಿ ಸುಮ್ಮನಾಗಬೇಕಾಗಿಲ್ಲ. ಪ್ರತ್ಯೇಕ ಬಾಬು ಯಾವ ಆದೇಶದಿಂದ ಬಂದಿತು, ಅದರಿಂದ ಈವರೆಗೆ ಎಷ್ಟು ವಸೂಲಾಯಿತು, ಎಷ್ಟು ಉಳಿದಿದೆ, ಯಾವಾಗ ಮುಗಿಯುತ್ತದೆ ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳುವ ಹಕ್ಕು ಅವನಿಗುಂಟು. ದರ ನಿಗದಿಗೆ ಮುನ್ನ ಆಯೋಗಗಳು ನಡೆಸುವ ಸಾರ್ವಜನಿಕ ವಿಚಾರಣೆ ಈ ಪ್ರಶ್ನೆಗಳಿಗೆ ತಕ್ಕ ವೇದಿಕೆ. ಉತ್ತರ ಕೊಡಬೇಕಾದವರ ಬಳಿ ಸರಿಯಾದ ದಾಖಲೆಯಿದ್ದರೆ ಉತ್ತರಕ್ಕೆ ತಡವಾಗುವುದಿಲ್ಲ. ಪರರ ಹಣವನ್ನು ವಸೂಲು ಮಾಡುವವರಿಗೆ ಲೆಕ್ಕವಿಡುವುದು ವಸೂಲಿಯ ನಂತರದ ಕೆಲಸವಲ್ಲ; ವಸೂಲಿಯ ಅಧಿಕಾರದೊಂದಿಗೇ ಬರುವ ಮೊದಲ ಹೊಣೆ ಅದು.